ರೊನಾಲ್ಡೊ ಮೊಣಕಾಲು: ಮೈದಾನಕ್ಕೆ ಇಳಿದ ದಿನ, ಗುಣವಾದ ದಿನ

ಬಿ.ಪಿ.ಎಡ್ (ದೈಹಿಕ ಶಿಕ್ಷಣ ಪದವಿ) ಪರೀಕ್ಷೆಗೆ ‘ಆಟಗಾರರ ಬದುಕಿನ ಹಿನ್ನಡೆಗಳು’ ಅಂತ ಒಂದು ಪ್ರಶ್ನೆ ಬರಬಹುದು. ಅದಕ್ಕೆ ಮಾಡಿಕೊಂಡ ಟಿಪ್ಪಣಿ ಇದು. ವಿರಾಜಪೇಟೆಯ ನಮ್ಮ ರೂಮಿನಲ್ಲಿ ಇದನ್ನು ಓದಿದಾಗ ಗೆಳೆಯನೊಬ್ಬ ತಕರಾರು ತೆಗೆದ: “ಹಾಕಿಯವರ ಊರಲ್ಲಿ ಕೂತು ಫುಟ್‌ಬಾಲ್‌ನವರನ್ನು ಯಾಕೆ ಹಿಡ್ಕೊಂಡೆ?” ರೊನಾಲ್ಡೊ ಕತೆಯಲ್ಲಿ ತಾರೀಖುಗಳು ಪಕ್ಕಾ ಸಿಗುತ್ತವೆ, ಅದಕ್ಕೇ. ಅವುಗಳ ನಡುವಿನ ಅಂತರ ಎಣಿಸಿದರೆ ಅರ್ಧ ಉತ್ತರ ಸಿಕ್ಕಿದ ಹಾಗೆ.

ಇವರು ಬ್ರೆಜಿಲ್‌ನ ರೊನಾಲ್ಡೊ. ಪೋರ್ಚುಗಲ್‌ನ ಕ್ರಿಸ್ಟಿಯಾನೊ ಅಲ್ಲ. ಉತ್ತರದ ಮೊದಲ ಸಾಲಲ್ಲೇ ಹೇಳಿಬಿಡಿ, ಇಲ್ಲದಿದ್ದರೆ ಎಡವಟ್ಟಾಗುತ್ತದೆ.

ಬಾಲ್ಯವನ್ನು ಎರಡು ಸಾಲಲ್ಲಿ ಮುಗಿಸಬಹುದು. ಹುಟ್ಟಿದ್ದು 1976ರಲ್ಲಿ, ಬೆಳೆದದ್ದು ರಿಯೊ ಡಿ ಜನೈರೊದ ಬೆಂಟೊ ರಿಬೇರೊ ಎಂಬ ಬಡವರ ಬಡಾವಣೆಯಲ್ಲಿ. ಫ್ಲಮೆಂಗೊ ಕ್ಲಬ್ಬಿಗೆ ದಿನಾ ಹೋಗಿಬರಲು ಬಸ್ ಚಾರ್ಜಿಗೆ ದುಡ್ಡಿಲ್ಲದೆ ಆ ಅವಕಾಶ ತಪ್ಪಿತು. ಎಸ್ಟೇಟ್ ಲೈನಿನಿಂದ ಮಡಿಕೇರಿಗೆ ಪ್ರ್ಯಾಕ್ಟೀಸಿಗೆ ಬರುವ ಮಕ್ಕಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಏರಿದ್ದು ಮಾತ್ರ ಸರಸರನೆ. 17ನೇ ವಯಸ್ಸಿಗೇ 1994ರ ವಿಶ್ವಕಪ್ ತಂಡ ಸೇರಿದರು, ಆದರೆ ಒಂದೂ ಪಂದ್ಯ ಆಡಲಿಲ್ಲ. 1996–97ರಲ್ಲಿ ಬಾರ್ಸಿಲೋನಾ ಪರ 49 ಪಂದ್ಯಗಳಲ್ಲಿ 47 ಗೋಲು. ಅಲ್ಲಿಂದ ಇಟಲಿಯ ಇಂಟರ್ ಮಿಲಾನ್.

1998, ಜುಲೈ 12

ಪ್ಯಾರಿಸ್ ಪಕ್ಕದ ಸೇಂಟ್ ಡೆನಿಸ್‌ನಲ್ಲಿ ವಿಶ್ವಕಪ್ ಫೈನಲ್. ಅವತ್ತು ಮಧ್ಯಾಹ್ನ ಹೋಟೆಲ್ ರೂಮಿನಲ್ಲಿ ರೊನಾಲ್ಡೊಗೆ ಫಿಟ್ಸ್ ಬಂತು. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದರು, ಏನೂ ಕಾಣಲಿಲ್ಲ. ಮೊದಲು ಹೊರಬಂದ ತಂಡದ ಪಟ್ಟಿಯಲ್ಲಿ ಅವರ ಜಾಗದಲ್ಲಿ ಎಡ್ಮುಂಡೊ ಹೆಸರಿತ್ತು. ಆಮೇಲೆ ರೊನಾಲ್ಡೊ ಸ್ಟೇಡಿಯಂಗೆ ಬಂದು ಆಡುತ್ತೇನೆ ಎಂದರು. ಕೋಚ್ ಜಗಾಲೊ ಒಪ್ಪಿಕೊಂಡರು. ಬ್ರೆಜಿಲ್ 0–3ರಿಂದ ಸೋತಿತು.

ಇಲ್ಲಿ ಸುಮ್ನೆ ‘ಒತ್ತಡದಿಂದ ಹೀಗಾಯಿತು’ ಎಂದು ಬರೆದು ಮುಂದೆ ಹೋಗಬೇಡಿ. ಯಾಕೆ ಬಂತು ಎಂಬುದಕ್ಕೆ ಗಟ್ಟಿ ಉತ್ತರ ಇವತ್ತಿಗೂ ಇಲ್ಲ. ಊಹಾಪೋಹ ಎಷ್ಟು ಬೆಳೆಯಿತೆಂದರೆ, ಕೊನೆಗೆ ಬ್ರೆಜಿಲ್ ಸಂಸತ್ತಿನ ಸಮಿತಿ ರೊನಾಲ್ಡೊ ಅವರನ್ನೇ ಕರೆಸಿ ವಿಚಾರಿಸಿತು. ನನಗೆ ಬೇರೆ ಪ್ರಶ್ನೆ ಕಾಡುತ್ತದೆ: 21 ವರ್ಷದ ಹುಡುಗ “ಆಡ್ತೀನಿ” ಅಂದಾಗ “ಬೇಡ” ಅನ್ನುವ ಜವಾಬ್ದಾರಿ ಯಾರದ್ದು? ನಾಳೆ ಪಿ.ಟಿ. ಮೇಷ್ಟ್ರಾಗುವ ನಮಗೆ ಇದು ಬೇಕಾದ ಪ್ರಶ್ನೆಯೇ, ಅಲ್ವಾ?

ಮೊಣಕಾಲು

ಮೊದಲು ಮೊಣಕಾಲು ಹೇಗೆ ಕೆಲಸ ಮಾಡುತ್ತದೆ ಎಂದು ನೋಡೋಣ. ತೊಡೆಯ ಮುಂಭಾಗದ ದೊಡ್ಡ ಸ್ನಾಯುವನ್ನು ಬಾವಿಯಿಂದ ನೀರು ಸೇದುವವನು ಎಂದುಕೊಳ್ಳಿ. ಮೊಣಕಾಲ ಚಿಪ್ಪು ರಾಟೆ. ಚಿಪ್ಪಿನ ಕೆಳಗಿಂದ ಕೆಳಗಾಲಿನ ಎಲುಬಿಗೆ ಹೋಗುವ ಗಟ್ಟಿ ನಾರಿನ ಪಟ್ಟಿ, ಅಂದರೆ ಟೆಂಡನ್ನೇ ಹಗ್ಗ. ಸ್ನಾಯು ಎಳೆದಾಗ ಕಾಲು ನೀಳವಾಗುತ್ತದೆ. ಇಳಿಜಾರಿನ ಕಾಫಿ ತೋಟದಲ್ಲಿ ಮೂಟೆ ಹೊತ್ತು ಕೆಳಗೆ ಇಳಿಯುವಾಗ ಮಂಡಿಯ ಮುಂದೆ ಬಿಗಿಯುತ್ತದಲ್ಲ, ಆ ಭಾರ ಬೀಳುವುದು ಈ ಹಗ್ಗದ ಮೇಲೆ. ವೇಗವಾಗಿ ಓಡುತ್ತಾ ಗಕ್ಕನೆ ತಿರುಗುವ ಆಟಗಾರನ ಹಗ್ಗಕ್ಕೆ ಇದಕ್ಕಿಂತ ಎಷ್ಟೋ ಪಾಲು ಜಾಸ್ತಿ ಭಾರ. ರೊನಾಲ್ಡೊ ಆಟವೇ ಆ ತಿರುವಿನಲ್ಲಿತ್ತು.

1999ರ ನವೆಂಬರ್ 21. ಇಂಟರ್ ಪರ ಲೆಚ್ಚೆ ಎಂಬ ತಂಡದ ವಿರುದ್ಧ ಆಡುವಾಗ ಬಲ ಮೊಣಕಾಲಿನ ಟೆಂಡನ್ ಅರ್ಧ ಹರಿಯಿತು. ಪ್ಯಾರಿಸ್‌ನಲ್ಲಿ ಡಾ. ಜೆರಾರ್ಡ್ ಸೈಯಾನ್ ಆಪರೇಷನ್ ಮಾಡಿದರು. 2000ದ ಏಪ್ರಿಲ್ 12ರಂದು ರೋಮ್‌ನಲ್ಲಿ ಲಾಜಿಯೊ ತಂಡದ ವಿರುದ್ಧ ಇಟಲಿ ಕಪ್‌ನ ಎರಡು ಪಂದ್ಯಗಳ ಫೈನಲ್‌ನಲ್ಲಿ ಮೊದಲನೆಯದು. ಮೊದಲ ಮಗ ಹುಟ್ಟಿ ಇನ್ನೂ ಒಂದು ವಾರ ಆಗಿತ್ತಷ್ಟೆ. ದ್ವಿತೀಯಾರ್ಧದಲ್ಲಿ ರೊನಾಲ್ಡೊ ಬದಲಿ ಆಟಗಾರನಾಗಿ ಇಳಿದರು. ಏಳೆಂಟು ನಿಮಿಷವೂ ಆಗಿರಲಿಲ್ಲ, ಚೆಂಡಿನ ಮೇಲೆ ಕಾಲಾಡಿಸುತ್ತಾ ಮುಂದೆ ಹೋದವರು ಕುಸಿದು ಬಿದ್ದರು. ಯಾರೂ ತಾಗಿರಲಿಲ್ಲ. ಹಗ್ಗ ಪೂರ್ತಿ ತುಂಡಾಗಿತ್ತು. ಹೀಗೆ ತುಂಡಾದಾಗ ಹಿಡಿದುಕೊಳ್ಳಲು ಕೆಳಗೆ ಏನೂ ಉಳಿಯದೆ, ತೊಡೆಯ ಸ್ನಾಯು ಚಿಪ್ಪನ್ನು ಮೇಲಕ್ಕೆ ಎಳೆದುಬಿಡುತ್ತದೆ.

ಈಗ ಅಂತರ ಎಣಿಸಿ. ಮೊದಲ ಗಾಯದಿಂದ ಮೈದಾನಕ್ಕೆ ಮರಳಿದ್ದು ಐದು ತಿಂಗಳೊಳಗೆ. ಎರಡನೆಯದರಿಂದ ಅಧಿಕೃತ ಪಂದ್ಯಕ್ಕೆ ಮರಳಿದ್ದು 2001ರ ಸೆಪ್ಟೆಂಬರ್‌ನಲ್ಲಿ, ಅಂದರೆ ಸುಮಾರು 17 ತಿಂಗಳು. 2000–01ರ ಇಡೀ ಸೀಸನ್ ಹೋಯಿತು. ಮೊದಲ ಸಲ ಇನ್ನೂ ಕಾದಿದ್ದರೆ ಹರಿಯುತ್ತಲೇ ಇರಲಿಲ್ಲ ಎಂದು ಆಣೆ ಮಾಡಿ ಹೇಳಲು ನಾನು ಡಾಕ್ಟರಲ್ಲ. ಆದರೆ ಆಡಲು ಇಳಿದ ದಿನವನ್ನೇ ಗುಣವಾದ ದಿನ ಎಂದು ಲೆಕ್ಕ ಹಿಡಿಯುವುದು ತಪ್ಪು. ಈ ತಪ್ಪನ್ನು ನಾನೂ ಮಾಡಿದ್ದೇನೆ. ಮಂಡಿ ಉಳುಕಿ ಹದಿನೈದೇ ದಿನಕ್ಕೆ, ಬಾವು ಇಳಿಯಿತಲ್ಲ ಅಂತ, ಕೆಸರುಗದ್ದೆ ಫುಟ್‌ಬಾಲ್‌ಗೆ ಇಳಿದೆ. ಆ ವರ್ಷದ ಕೈಲ್‌ಪೊಳ್ದ್ ಹಬ್ಬಕ್ಕೆ ಎಲ್ಲರೂ ಆಡುತ್ತಿದ್ದರೆ ನಾನು ಜಗಲಿಯಲ್ಲಿ ಕಾಲು ಚಾಚಿ ಕೂತು ಕಡುಬು ತಿಂದೆ.

2002

ಮೇ 5. ಮತ್ತೆ ಅದೇ ರೋಮ್, ಅದೇ ಸ್ಟೇಡಿಯಂ, ಅದೇ ಲಾಜಿಯೊ. ಲೀಗ್‌ನ ಕೊನೆಯ ದಿನ ಗೆದ್ದಿದ್ದರೆ ಇಂಟರ್ ಚಾಂಪಿಯನ್. 2–4ರಿಂದ ಸೋತು ಮೂರನೇ ಸ್ಥಾನಕ್ಕೆ ಜಾರಿತು. ಬೆಂಚಿನಲ್ಲಿ ಕೂತು ರೊನಾಲ್ಡೊ ಅತ್ತರು. ಸರಿಯಾಗಿ ಎಂಟು ವಾರಕ್ಕೆ, ಜೂನ್ 30ರಂದು ಯೊಕೊಹಾಮಾದಲ್ಲಿ ಜರ್ಮನಿ ವಿರುದ್ಧ ವಿಶ್ವಕಪ್ ಫೈನಲ್. ಎರಡೂ ಗೋಲು ಅವರದೇ. ಆ ಟೂರ್ನಿಯಲ್ಲಿ ಒಟ್ಟು 8.

ಹೆಚ್ಚಿನ ಟಿಪ್ಪಣಿಗಳು ಇಲ್ಲಿಗೆ ನಿಲ್ಲುತ್ತವೆ, ಚೆಂದ ಕಾಣುತ್ತದೆ ಅಂತ. ನಿಲ್ಲಿಸಬೇಡಿ. 2008ರ ಫೆಬ್ರವರಿ 13ರಂದು, ಎಸಿ ಮಿಲಾನ್‌ಗೆ ಆಡುವಾಗ ಎಡ ಮೊಣಕಾಲಿನ ಅದೇ ಹಗ್ಗ ಹರಿಯಿತು. ಈ ಸಲ ಮರಳಿದ್ದು 2009ರ ಮಾರ್ಚ್‌ನಲ್ಲಿ, ಬ್ರೆಜಿಲ್‌ನ ಕೊರಿಂಥಿಯನ್ಸ್‌ಗೆ. ಸುಮಾರು ಹದಿಮೂರು ತಿಂಗಳು ಕಾದಿದ್ದರು. ಆ ವರ್ಷವೇ ತಂಡ ಬ್ರೆಜಿಲ್ ಕಪ್ ಗೆದ್ದಿತು.

ಕೊನೆಗೆ ಥೈರಾಯ್ಡ್. ಮೈ ದಪ್ಪವಾಯಿತೆಂದು ವರ್ಷಗಟ್ಟಲೆ ಜನ ಆಡಿಕೊಂಡರು. 2011ರ ಫೆಬ್ರವರಿ 14ರಂದು ನಿವೃತ್ತಿ ಹೇಳುವಾಗ ಅವರು, ತಮಗೆ ಹೈಪೋಥೈರಾಯ್ಡ್ (ಥೈರಾಯ್ಡ್ ಗ್ರಂಥಿ ಕಡಿಮೆ ಕೆಲಸ ಮಾಡುವ ತೊಂದರೆ) ಇದೆ, ಮಿಲಾನ್‌ನಲ್ಲಿದ್ದಾಗ ಗೊತ್ತಾಯಿತು, ಔಷಧಿ ತಗೊಂಡರೆ ಡೋಪಿಂಗ್ ಆಗುತ್ತಿತ್ತು ಎಂದರು. ಇದನ್ನು ಹಾಗೇ ಇಳಿಸಿಕೊಳ್ಳಬೇಡಿ. ಥೈರಾಯ್ಡ್ ಮಾತ್ರೆ ವಾಡಾದ (ಆಟಗಾರರ ಡೋಪಿಂಗ್ ತಡೆಯುವ ವಿಶ್ವ ಸಂಸ್ಥೆ) ನಿಷೇಧಿತ ಪಟ್ಟಿಯಲ್ಲಿಲ್ಲ. ಉತ್ತರದಲ್ಲಿ ‘ಎಂದು ಅವರು ಹೇಳಿದರು’ ಅಂತ ಸೇರಿಸಿ, ಪಕ್ಕದಲ್ಲೇ ಪಟ್ಟಿಯ ವಿಷಯವನ್ನೂ ಬರೆಯಿರಿ.