ಪದ ಪರಿಚಯ: ಉರಿಯೂತ ಶಮನಕ

ದವಡೆ ನೋವಿಗೆ ಮಾತ್ರೆಯೋ, ಅರಿಶಿನದಂಥ 'ನೈಸರ್ಗಿಕ' ವಸ್ತುವೋ ಎಂಬ ಮಾತು ಬಂದಾಗ ಕೇಳಿಬರುವ ಪದ ಇದು. ಉರಿ ಮತ್ತು ಊತ ಸೇರಿ ಉರಿಯೂತ. ಸುಮಾರು 2000 ವರ್ಷಗಳ ಹಿಂದೆ ವೈದ್ಯಗ್ರಂಥ ಬರೆದ ರೋಮಿನ ಸೆಲ್ಸಸ್ ಇದಕ್ಕೆ ನಾಲ್ಕು ಗುರುತು ಹೇಳಿದ್ದ: ಕೆಂಪಾಗುವುದು, ಊದುವುದು, ಬಿಸಿಯಾಗುವುದು, ನೋಯುವುದು. ಕನ್ನಡದ ಪದ ಅದರಲ್ಲಿ ಎರಡನ್ನು ಹೆಸರಲ್ಲೇ ಇಟ್ಟುಕೊಂಡಿದೆ. ಉರಿಯೂತವನ್ನು ತಗ್ಗಿಸುವ ಯಾವುದೇ ವಸ್ತು ಉರಿಯೂತ ಶಮನಕ. ಅದು ಮಾತ್ರೆಯೋ ಬೇರೋ ತೊಗಟೆಯೋ ಎಂದು ಈ ಪದ ಕೇಳುವುದಿಲ್ಲ.

ಹಾಗಂತ ಎಲ್ಲ ನೋವಿನ ಮಾತ್ರೆಗಳೂ ಈ ಗುಂಪಿಗೆ ಸೇರುವುದಿಲ್ಲ. ಮನೆಮನೆಯಲ್ಲಿರುವ ಡೋಲೊ ಪ್ಯಾರಾಸಿಟಮಾಲ್. ಜ್ವರ, ನೋವು ಇಳಿಸುತ್ತದೆ, ಊತದ ತಂಟೆಗೆ ಹೆಚ್ಚು ಹೋಗುವುದಿಲ್ಲ. ಐಬುಪ್ರೊಫೆನ್, ನ್ಯಾಪ್ರಾಕ್ಸೆನ್, ಡೈಕ್ಲೋಫೆನಾಕ್ ಹೋಗುತ್ತವೆ. ಪೆಟ್ಟಾದ ಕಡೆ ಕಾಕ್ಸ್ ಎಂಬ ಕಿಣ್ವ ಪ್ರೋಸ್ಟಾಗ್ಲಾಂಡಿನ್ ಎಂಬ, ನೋವು ಊತ ಹೆಚ್ಚಿಸುವ ರಾಸಾಯನಿಕ ತಯಾರಿಸುತ್ತದೆ. ಈ ಮಾತ್ರೆಗಳು ಆ ತಯಾರಿಕೆಯನ್ನೇ ತಡೆಯುತ್ತವೆ. 1971ರಲ್ಲಿ ಇದನ್ನು ತೋರಿಸಿದ ಬ್ರಿಟನ್ನಿನ ಔಷಧ ವಿಜ್ಞಾನಿ ಜಾನ್ ವೇನ್‌ಗೆ 1982ರಲ್ಲಿ ನೊಬೆಲ್ ಬಂತು. ತೊಂದರೆ ಏನೆಂದರೆ, ಹೊಟ್ಟೆಯ ಒಳಪದರ ಕಾಯುವುದೂ ಕಿಡ್ನಿಗೆ ರಕ್ತ ಸರಿಯಾಗಿ ಹರಿಯುವಂತೆ ನೋಡಿಕೊಳ್ಳುವುದೂ ಇದೇ ಪ್ರೋಸ್ಟಾಗ್ಲಾಂಡಿನ್. 'ಊಟ ಆದ್ಮೇಲೆ ತಗೊಳ್ಳಿ' ಎಂದು ಡಾಕ್ಟರು ಹೇಳುವುದು ಸುಮ್ನೆ ಅಲ್ಲ. (ಡೈಕ್ಲೋಫೆನಾಕ್ ಕೊಟ್ಟ ದನಗಳ ಹೆಣ ತಿಂದು ನಮ್ಮ ರಣಹದ್ದುಗಳು ಸತ್ತದ್ದೂ ಕಿಡ್ನಿ ಕೆಟ್ಟೇ. ದನಗಳಿಗೆ ಅದನ್ನು ಕೊಡುವುದನ್ನು 2006ರಲ್ಲಿ ನಿಷೇಧಿಸಿದರು.)

ಈಗ ದವಡೆಗೆ ಬರೋಣ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆಯಿರಿ, ಅಲ್ಲಿ ಅಲುಗಾಡುವುದೇ ದವಡೆ ಕೀಲು. ಅದು ತಿರುಗುವುದೂ ಹೌದು, ಮುಂದಕ್ಕೆ ಜಾರುವುದೂ ಹೌದು. ನಡುವೆ ಒಂದು ಮೆತ್ತನೆ ಬಿಲ್ಲೆ ಇದೆ. ಬಿಲ್ಲೆ ಜರುಗಿದರೆ ಕಟಕ್ ಎಂಬ ಸದ್ದು, ಕೆಲವೊಮ್ಮೆ ನೋವು. ಬಿಲ್ಲೆ ಜರುಗಿ ನೋವಿದ್ದವರಿಗೆ ನ್ಯಾಪ್ರಾಕ್ಸೆನ್ (ಹೋಲಿಕೆಗೆಂದು ಕೊಡುವ, ಔಷಧಿಯೇ ಇಲ್ಲದ) ಸುಳ್ಳುಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡಿದ್ದು 2004ರ ಒಂದು ಪ್ರಯೋಗದಲ್ಲಿ ಕಂಡುಬಂತು.

'ಮಾತ್ರೆ ಯಾಕೆ, ಅರಿಶಿನ ಸಾಕಲ್ವಾ?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಅರಿಶಿನದ ಕರ್ಕ್ಯುಮಿನ್ ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಉರಿಯೂತವನ್ನು ಚೆನ್ನಾಗಿಯೇ ತಗ್ಗಿಸುತ್ತದೆ. ಆದರೆ ಹೊಟ್ಟೆಗೆ ಹೋದರೆ ರಕ್ತಕ್ಕೆ ಸೇರುವುದು ಚೂರೇ ಚೂರು. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ 2 ಗ್ರಾಂ ಕರ್ಕ್ಯುಮಿನ್ ಜತೆ ಕರಿಮೆಣಸಿನ 20 ಮಿಲಿಗ್ರಾಂ ಪೈಪರಿನ್ ಕೊಟ್ಟು ನೋಡಿದರು. ರಕ್ತಕ್ಕೆ ಸೇರುವ ಪ್ರಮಾಣ 2000 ಶೇಕಡಾ ಏರಿತು. ಕೇಳಲು ದೊಡ್ಡ ಸಂಖ್ಯೆ, ಆದರೆ ಏರಿದ್ದು ಆ ಚೂರಿನ ಮೇಲೆ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು 3 ಶೇಕಡಾ. 2 ಗ್ರಾಂ ಬೇಕೆಂದರೆ ಸುಮಾರು 67 ಗ್ರಾಂ ಪುಡಿ ನುಂಗಬೇಕು! ಹಾಲಿಗೆ ಹಾಕುವ ಚಿಟಿಕೆ ಯಾವ ಲೆಕ್ಕ? ಕ್ಯಾಪ್ಸೂಲ್ ತಗೊಂಡರೆ ಅದೂ ಔಷಧಿಯೇ. ಮೆಣಸಿನ ಸಾರ ಸೇರಿಸಿದ ಅರಿಶಿನದ ಕ್ಯಾಪ್ಸೂಲಿನಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ಇಟಲಿ, ಅಮೆರಿಕದಲ್ಲಿ ದಾಖಲಾಗಿವೆ.

ಕೀಲು ನೋವಿಗೆ ತಗೊಳ್ಳುವ ಇನ್ನೊಂದು 'ನೈಸರ್ಗಿಕ' ಹೆಸರು ಗ್ಲೂಕೋಸಮೈನ್. ಹೆಚ್ಚಾಗಿ ಸಿಗಡಿ, ಏಡಿಯ ಚಿಪ್ಪಿನಿಂದ ತೆಗೆಯುತ್ತಾರೆ. ಸವೆದ ದವಡೆ ಕೀಲಿನಲ್ಲಿ ಅದು ಐಬುಪ್ರೊಫೆನ್‌ಗೆ ಸಮಾನ ಎಂದು 2001ರಲ್ಲಿ ಕೆನಡಾದ ಒಂದು ಅಧ್ಯಯನ ಹೇಳಿತು. ಹತ್ತು ವರ್ಷದ ನಂತರ ಸ್ವೀಡನ್ನಿನವರು ಸುಳ್ಳುಮಾತ್ರೆಯ ಎದುರು ಪರೀಕ್ಷಿಸಿದಾಗ ವ್ಯತ್ಯಾಸವೇ ಕಾಣಲಿಲ್ಲ. ಅಷ್ಟಕ್ಕೂ ಆಸ್ಪಿರಿನ್‌ನ ಮೂಲವೂ ವಿಲ್ಲೋ ಮರದ ತೊಗಟೆಯೇ. ಗಿಡದ್ದು, ಕಾರ್ಖಾನೆಯದ್ದು ಎಂಬ ಜಗಳ ನನಗಂತೂ ಅರ್ಥವಾಗುವುದಿಲ್ಲ.

ಅದಕ್ಕಿಂತ ಮೊದಲು ಕೇಳಬೇಕಾದ್ದು, ಉರಿಯೂತ ಇದೆಯೇ ಎಂದು. ದವಡೆ ನೋವು ಎಷ್ಟೋ ಸಲ ಕೀಲಿನದ್ದಾಗಿರದೆ ಅಗಿಯುವ ಸ್ನಾಯುವಿನದ್ದಾಗಿರುತ್ತದೆ. ನಿದ್ದೆಯಲ್ಲಿ ಹಲ್ಲು ಕಡಿಯುವವರು, ಟೆನ್ಶನ್ನಿನಲ್ಲಿ ದವಡೆ ಬಿಗಿಹಿಡಿಯುವವರು ಇದನ್ನು ಬಲ್ಲರು. ಅಂಥವರಿಗೆ ಬಿಸಿ ಶಾಖ, ಕೆಲವು ದಿನ ಮೆತ್ತನೆಯ ಊಟ, ಚಕ್ಕುಲಿ ನಿಪ್ಪಟ್ಟಿಗೆ ರಜೆ, ಆಕಳಿಸುವಾಗ ಗದ್ದಕ್ಕೊಂದು ಕೈ ಆಸರೆ.