ಕಬ್ಬನ್ ಯಾರ ಮಗ?

ಚಿಕ್ಕಂದಿನಲ್ಲಿ ನಾನು ಕಬ್ಬನ್ ಪಾರ್ಕನ್ನು ‘ಕಬ್ಬಿನ ಪಾರ್ಕು’ ಎಂದೇ ತಿಳಿದಿದ್ದೆ. ಒಂದು ಕಾಲಕ್ಕೆ ಅಲ್ಲಿ ಕಬ್ಬಿನ ಗದ್ದೆ ಇದ್ದಿರಬೇಕು, ಬೆಳೆದ ಕಬ್ಬನ್ನೆಲ್ಲ ಕಬ್ಬನ್‌ಪೇಟೆಗೆ ತಂದು ಮಾರುತ್ತಿದ್ದಿರಬೇಕು. ಲೆಕ್ಕ ಚೆನ್ನಾಗಿಯೇ ಕೂಡುತ್ತಿತ್ತು. ಶಾಲೆಗೆ ಹೋದ ಮೇಲೆ ಮೇಷ್ಟ್ರು ತಿದ್ದಿದರು: ಅದು ಕಬ್ಬಲ್ಲ, ಮೈಸೂರಿನ ಆಡಳಿತ ನಡೆಸಿದ ಕಮಿಷನರ್ ಮಾರ್ಕ್ ಕಬ್ಬನ್ ಎಂಬ ಇಂಗ್ಲಿಷಿನವನ ಹೆಸರು. ಮೇಷ್ಟ್ರ ತಿದ್ದುಪಡಿಗೂ ಒಂದು ತಿದ್ದುಪಡಿ ಬೇಕಿತ್ತೆಂದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ.

ಆತ ಇಂಗ್ಲೆಂಡಿನವನಲ್ಲ. ಆ ಹೆಸರೂ ಇಂಗ್ಲಿಷಿನದಲ್ಲ. ಇಂಗ್ಲೆಂಡಿನ ಊರುಗಳಲ್ಲಿ ಸ್ಮಿತ್, ಬ್ರೌನ್, ಟೇಲರ್‌ಗಳು ಹೆಜ್ಜೆಗೊಬ್ಬರು ಸಿಕ್ಕಾರು, ಕಬ್ಬನ್ ಸಿಗುವುದು ಅಪರೂಪ. ಅದರ ತವರು ಇಂಗ್ಲೆಂಡ್, ಐರ್ಲೆಂಡ್, ಸ್ಕಾಟ್ಲೆಂಡ್‌ಗಳ ನಡುವಿನ ಕಡಲಲ್ಲಿರುವ ಐಲ್ ಆಫ್ ಮ್ಯಾನ್ ಎಂಬ ದ್ವೀಪ. ವಿಸ್ತೀರ್ಣ 572 ಚದರ ಕಿಲೋಮೀಟರ್, ಅಂದರೆ ನಮ್ಮ ಬೆಂಗಳೂರು ಮಹಾನಗರಕ್ಕಿಂತ ಚಿಕ್ಕದು. 2021ರ ಜನಗಣತಿಯಂತೆ ಅಲ್ಲಿರುವವರು ಸುಮಾರು 84,000 ಜನ. ಅದು ಯುನೈಟೆಡ್ ಕಿಂಗ್‌ಡಮ್‌ನ ಭಾಗವೂ ಅಲ್ಲ. ಟಿನ್‌ವಾಲ್ಡ್ ಎಂಬ ತನ್ನದೇ ಶಾಸನಸಭೆ ಇದೆ, ಮ್ಯಾಂಕ್ಸ್ ಎಂಬ ತನ್ನದೇ ನುಡಿ ಇದೆ. ಐರಿಷ್, ಸ್ಕಾಟಿಷ್ ಗೇಲಿಕ್‌ಗಳಿಗೆ ಒಡಹುಟ್ಟಾದ ನುಡಿ ಅದು. ಹುಟ್ಟಿನಿಂದ ಅದನ್ನೇ ಆಡುತ್ತ ಬೆಳೆದವರ ಪೈಕಿ ಕೊನೆಯವನೆಂದು ಹೆಸರಾದ ನೆಡ್ ಮ್ಯಾಡ್ರೆಲ್ 1974ರಲ್ಲಿ ತೀರಿಕೊಂಡ. ಈಗ ಶಾಲೆಗಳಲ್ಲಿ ಮಕ್ಕಳಿಗೆ ಮತ್ತೆ ಕಲಿಸುತ್ತಿದ್ದಾರೆ. ನುಡಿ ಸೊರಗಿದ ಕಾಲದಲ್ಲೂ ಅದರ ವ್ಯಾಕರಣದ ಒಂದು ಚೂರು ಜನರ ಅಡ್ಡಹೆಸರುಗಳಲ್ಲಿ ಗಟ್ಟಿಯಾಗಿ ಅಂಟಿಕೊಂಡೇ ಇತ್ತು.

ಅಡ್ಡಹೆಸರು ಎಂದರೆ ಹುಬ್ಬಳ್ಳಿ, ಬೆಳಗಾವಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಹಳೇ ಮೈಸೂರು ಕಡೆ ಮಾತ್ರ ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಇದ್ದರೆ ಮುಗಿಯಿತು. ಪಾಸ್‌ಪೋರ್ಟ್ ಅರ್ಜಿಯಲ್ಲಿ ‘ಸರ್‌ನೇಮ್’ ಎಂಬ ಕಲಮು ಬಂದಾಗ ಪೆನ್ನು ನಿಲ್ಲುತ್ತದೆ. ಇಂಗ್ಲಿಷರ ಸ್ಥಿತಿಯೂ ಒಂದು ಕಾಲಕ್ಕೆ ಇದೇ ಆಗಿತ್ತು. 1066ರಲ್ಲಿ ಫ್ರಾನ್ಸಿನ ಕಡೆಯಿಂದ ನಾರ್ಮನ್ನರು ಬರುವ ಮುಂಚೆ ಅಲ್ಲಿನವರಿಗೆ ಇದ್ದದ್ದು ಒಂದೇ ಹೆಸರು. ಆಮೇಲಿನ ಮೂರು–ನಾಲ್ಕು ಶತಮಾನಗಳಲ್ಲಿ ತೆರಿಗೆ ಪಟ್ಟಿ, ಜಮೀನಿನ ದಾಖಲೆಗಳಿಗೆಂದು ಬರೆದುಕೊಂಡ ಗುರುತುಗಳು ಮೆಲ್ಲಗೆ ವಂಶಪಾರಂಪರ್ಯವಾದವು. ಕಸುಬಿನಿಂದ ಕೆಲವು, ನಮ್ಮ ಬಡಿಗೇರ, ಕಮ್ಮಾರ, ಪತ್ತಾರರ ಹಾಗೆ. ಊರಿನಿಂದ ಕೆಲವು. ಮೈಬಣ್ಣ, ಎತ್ತರ, ಗುಣಗಳನ್ನು ನೋಡಿ ಇಟ್ಟ ಕರೆಹೆಸರುಗಳು ಕೆಲವು. ಉಳಿದವು ಅಪ್ಪನ ಹೆಸರಿನಿಂದ ಬಂದವು. ಜಾನ್‌ನ ಮಗ ಜಾನ್ಸನ್, ವಿಲ್ಯಮ್‌ನ ಮಗ ವಿಲ್ಯಮ್ಸ್. ಇಂಗ್ಲಿಷಿನಲ್ಲಿ ‘ಮಗ’ ಎಂಬ ಗುರುತು ಹೆಸರಿನ ಕೊನೆಗೆ ಬರುತ್ತದೆ.

ಗೇಲಿಕ್ ನುಡಿಗಳಲ್ಲಿ ಅದು ಮೊದಲಿಗೆ ಬರುತ್ತದೆ. ‘ಮ್ಯಾಕ್’ ಎಂದರೆ ಮಗ. ಸ್ಕಾಟ್ಲೆಂಡಿನ ಮ್ಯಾಕ್‌ಡೊನಾಲ್ಡ್, ಐರ್ಲೆಂಡಿನ ಮೆಕಾರ್ಥಿ ನಮಗೆ ಗೊತ್ತಿರುವಂಥವೇ. ಮ್ಯಾನ್ ದ್ವೀಪದವರೂ ಹಾಗೇ ಇಟ್ಟುಕೊಂಡಿದ್ದರು. ಆದರೆ ಅವರ ಬಾಯಲ್ಲಿ ಒಂದು ಚಮತ್ಕಾರ ನಡೆಯಿತು. ‘ಮ್ಯಾಕ್’ನ ‘ಮ್ಯಾ’ ಸವೆದು ಬಿದ್ದುಹೋಯಿತು, ಕೊನೆಯ ‘ಕ್’ ಮಾತ್ರ ಮುಂದಿನ ಹೆಸರಿನ ನೆತ್ತಿಗೆ ಅಂಟಿಕೊಂಡಿತು. ಮ್ಯಾಕ್ ಐಸಾಕ್ ಎಂಬುದು ಕಿಸ್ಯಾಕ್ ಆಯಿತು. ಅಗಸ್ಟಿನ್‌ನ ಮಗ ಕಾಸ್ಟೇನ್, ಡರ್ಮಟ್‌ನ ಮಗ ಕರ್ಮೋಡ್, ಪಾಲ್‌ನ ಮಗ ಕ್ವೇಲ್, ವಿಲ್ಯಮ್‌ನ ಮಗ ಕ್ವಿಲಿಯಮ್. ಟ್ರಫಾಲ್ಗರ್ ಕಾಳಗದಲ್ಲಿ ನೆಲ್ಸನ್‌ನ ವಿಕ್ಟರಿ ಹಡಗಿನ ಫಸ್ಟ್ ಲೆಫ್ಟಿನೆಂಟ್ ಆಗಿದ್ದವನು ಈ ದ್ವೀಪದ ಜಾನ್ ಕ್ವಿಲಿಯಮ್. ಅಮೆರಿಕದ ಉಪಾಧ್ಯಕ್ಷರಾಗಿದ್ದ ಡ್ಯಾನ್ ಕ್ವೇಲ್ ಅವರ ಅಡ್ಡಹೆಸರಿನ ಬೇರೂ ಅಲ್ಲಿಯದೇ. ಹಾಗಾಗಿ ದ್ವೀಪದ ಹಳೆಯ ಮನೆತನಗಳ ಪಟ್ಟಿ ತೆರೆದರೆ ಇಂಗ್ಲಿಷಿನ ಸಿ, ಕೆ, ಕ್ಯೂ ಅಕ್ಷರಗಳದ್ದೇ ಜಾತ್ರೆ.

ಕನ್ನಡದವರಿಗೆ ಇದರಲ್ಲಿ ಬೆರಗೇನೂ ಇಲ್ಲ, ಏಕೆಂದರೆ ಇದು ನಾವು ಹೈಸ್ಕೂಲಿನಲ್ಲಿ ಉರುಹೊಡೆದ ಸಂಧಿಯೇ. ಒಂದು ಕಡೆ ಲೋಪ, ಇನ್ನೊಂದು ಕಡೆ ಆದೇಶ. ಹುಲ್ಲು ಮತ್ತು ಕಾವಲು ಸೇರಿದರೆ ನಮ್ಮಲ್ಲಿ ‘ಕ’ ಹೋಗಿ ‘ಗ’ ಬಂದು ಹುಲ್ಲುಗಾವಲು ಆಗುತ್ತದೆ. ಮ್ಯಾಂಕ್ಸ್ ಬಾಯಲ್ಲಿ ನಡೆದದ್ದು ಇದರ ತಿರುಗುಮುರುಗು. ಮ್ಯಾಕ್ ಮತ್ತು ಗಿಬ್ಬನ್ ಸೇರಿದಾಗ ‘ಗ’ ಹೋಗಿ ‘ಕ’ ನಿಂತಿತು, ಸ್ವರವೂ ಸ್ವಲ್ಪ ಜಾರಿತು, ಮೊದಲು ಮೆಕಬ್ಬನ್, ಆಮೇಲೆ ಬರೀ ಕಬ್ಬನ್. ಗಿಬ್ಬನ್‌ನ ಮಗ ಕಬ್ಬನ್. 1890ರಲ್ಲಿ ದ್ವೀಪದ ಅಡ್ಡಹೆಸರುಗಳನ್ನೆಲ್ಲ ಹಳೆಯ ಕಡತಗಳಿಂದ ಹೆಕ್ಕಿ ಪುಸ್ತಕ ಮಾಡಿದ ಎ. ಡಬ್ಲ್ಯೂ. ಮೂರ್ ಅವರು ಕೊಟ್ಟ ವಿವರಣೆಯೂ ಇದೇ. ಮುಂದೆ ಅಲ್ಲಿನ ಶಾಸನಸಭೆಯ ಕೆಳಮನೆಗೆ ಸ್ಪೀಕರ್ ಆದವರು ಅವರು.

ಹಾಗಾದರೆ ಗಿಬ್ಬನ್ ಯಾರು? ಗಿಲ್ಬರ್ಟ್ ಎಂಬುದರ ಮುದ್ದಿನ ರೂಪ ಗಿಬ್, ಅದಕ್ಕೆ ಇನ್ನಷ್ಟು ಮುದ್ದು ಸೇರಿಸಿದರೆ ಗಿಬ್ಬನ್. ವೆಂಕಟೇಶ ವೆಂಕಿಯಾಗಿ, ವೆಂಕಿ ವೆಂಕಣ್ಣಿಯಾದ ಹಾಗೆ. ಗಿಲ್ಬರ್ಟ್ ಎಂಬ ಹೆಸರನ್ನು ಆ ದ್ವೀಪಗಳಿಗೆ ತಂದವರು ನಾರ್ಮನ್ನರು. ಅವರಿಗೆ ಅದು ಬಂದದ್ದು ಹಳೆಯ ಜರ್ಮನ್ ನುಡಿಗಳಿಂದ. ಅಲ್ಲಿ ಮೊದಲ ಪದಕ್ಕೆ ಒತ್ತೆ ಎಂಬ ಅರ್ಥ, ಎರಡನೆಯದಕ್ಕೆ ಹೊಳೆಯುವುದು ಎಂದು. ಜರ್ಮನ್ ಹೆಸರು, ಫ್ರೆಂಚ್ ಮುದ್ದು, ಗೇಲಿಕ್ ಸಂಧಿ. ಇಂಗ್ಲಿಷರ ಪಾಲೇನು ಎಂದರೆ ಕೊನೆಗೆ ಸ್ಪೆಲಿಂಗ್ ಬರೆದದ್ದು, ಅಷ್ಟೇ.

ಈ ಗಿಬ್‌ನ ದಾಯಾದಿಗಳು ಬಹಳ. ಗಿಬ್ಸನ್, ಗಿಬ್ಬನ್ಸ್, ರೋಮ್‌ನ ಪತನದ ಚರಿತ್ರೆ ಬರೆದ ಎಡ್ವರ್ಡ್ ಗಿಬ್ಬನ್, ದಕ್ಷಿಣ ಆಫ್ರಿಕಾದ ಹರ್ಷಲ್ ಗಿಬ್ಸ್ ಎಲ್ಲರೂ ಹೆಸರಿನ ಲೆಕ್ಕದಲ್ಲಿ ನಮ್ಮ ಕಬ್ಬನ್‌ಗೆ ಒಂದೇ ಬೇರಿನವರು. (ಆಡಂ ಗಿಲ್‌ಕ್ರಿಸ್ಟ್‌ನನ್ನು ಈ ಕಡೆಗೆ ಎಳೆಯಬೇಡಿ. ಅವನ ‘ಗಿಲ್’ ಎಂದರೆ ಗೇಲಿಕ್‌ನಲ್ಲಿ ಸೇವಕ, ಒಟ್ಟು ಕ್ರಿಸ್ತದಾಸ. ಮ್ಯಾನ್ ದ್ವೀಪದಲ್ಲಿ ಅದೇ ಹೆಸರು ಮಿಲ್‌ಕ್ರೀಸ್ಟ್ ಎಂದಾಗಿದೆ.) ಸ್ಕಾಟ್ಲೆಂಡಿನ ನೈಋತ್ಯ ಮೂಲೆಯ ಗ್ಯಾಲೊವೇ ಸೀಮೆಯಲ್ಲಿ ಇದರ ಜೋಡಿ ಹೆಸರೊಂದಿದೆ, ಮೆಕಬ್ಬಿನ್. ಅಲ್ಲಿಯವರು ‘ಮ್ಯಾಕ್’ ಬಿಡಲಿಲ್ಲ. ಆಸ್ಟ್ರೇಲಿಯಾದ ಚಿತ್ರಕಾರ ಫ್ರೆಡರಿಕ್ ಮೆಕಬ್ಬಿನ್‌ನಿಂದ ಆ ರೂಪ ಜಗತ್ತಿಗೆ ಪರಿಚಿತವಾಯಿತು.

ದ್ವೀಪದವರು ‘ಮ್ಯಾಕ್’ ಬಿಟ್ಟದ್ದು ಯಾವಾಗ ಎಂಬುದನ್ನು ಕಂದಾಯದ ಕಡತಗಳೇ ಹೇಳುತ್ತವೆ. ಮ್ಯಾನ್ ಬಹುಕಾಲ ನಾರ್ವೆಯ ಕಡೆಯ ರಾಜರ ಕೈಯಲ್ಲಿತ್ತು. 1266ರಲ್ಲಿ ನಾರ್ವೆ ಅದನ್ನು ಸ್ಕಾಟ್ಲೆಂಡಿಗೆ ಬಿಟ್ಟುಕೊಟ್ಟಿತು. ಅದಕ್ಕೇ ಅಲ್ಲಿನ ಮ್ಯಾಕ್‌ಗಳ ಬೆನ್ನಿಗೆ ನಾರ್ವೆಯ ಹೆಸರುಗಳೂ ಇವೆ: ಓಲಾಫ್‌ನ ಮಗ ಕೌಲಿ, ಥೋರ್ಕೆಲ್‌ನ ಮಗ ಕಾರ್ಕಿಲ್, ಓಟರ್‌ನ ಮಗ ಕಾಟಿಯರ್. ವೈಕಿಂಗ್ ಅಪ್ಪನಿಗೆ ಗೇಲಿಕ್ ‘ಮಗ’ ಹುಟ್ಟಿದ ಹಾಗೆ. 15ನೇ ಶತಮಾನದ ಮೊದಲ ದಶಕದಲ್ಲಿ ದ್ವೀಪವು ಇಂಗ್ಲೆಂಡಿನ ಸ್ಟ್ಯಾನ್ಲಿ ಮನೆತನದ ವಶವಾಯಿತು. ಅವರ ಗುಮಾಸ್ತರು 16ನೇ ಶತಮಾನದ ಆರಂಭದಲ್ಲಿ ಬರೆದ ಗೇಣಿ ಪಟ್ಟಿಗಳಲ್ಲಿ ರೈತರ ಹೆಸರಿನ ಹಿಂದೆ ‘ಮ್ಯಾಕ್’ ಸಾಲುಸಾಲಾಗಿ ಕಾಣುತ್ತದೆ. ನೂರೈವತ್ತು ವರ್ಷ ಕಳೆಯುವಷ್ಟರಲ್ಲಿ ಬಹುಪಾಲು ಮಾಯ. ಯಾರೂ ಆಜ್ಞೆ ಹೊರಡಿಸಿ ತೆಗೆದದ್ದಲ್ಲ. ಮಾತಿನಲ್ಲಿ ಆಗಲೇ ಸವೆದುಹೋಗಿದ್ದನ್ನು ಬರಹವೂ ತಡವಾಗಿ ಬಿಟ್ಟಿತು. ಹೆಂಗಸರ ಹೆಸರಿಗೆ ಆ ಕಡತಗಳಲ್ಲಿ ‘ಮ್ಯಾಕ್’ ಬದಲು ಮಗಳು ಎಂಬರ್ಥದ ಬೇರೆ ಪದ ಸೇರುತ್ತಿತ್ತು. ಗಂಡು–ಹೆಣ್ಣಿಗೆ ಒಂದೇ ಅಡ್ಡಹೆಸರು ಎಂಬ ಇಂಗ್ಲಿಷ್ ರೂಢಿ ಬಲವಾದ ಮೇಲೆ ಅದಂತೂ ಗುರುತೂ ಉಳಿಯದೆ ಅಳಿಯಿತು. ಕ್ವೇಲ್ ಮನೆಯ ಹುಡುಗಿ ಇಂದು ತಾನು ‘ಪಾಲ್‌ನ ಮಗ’ ಎಂದು ಸಹಿ ಹಾಕುತ್ತಿದ್ದಾಳೆಂದು ಯೋಚಿಸಿರಲಾರಳು!

ಇನ್ನು, ಈ ಹೆಸರು ಇಷ್ಟು ವಿರಳ ಏಕೆ? ಮೊದಲ ಕಾರಣ ಸರಳ, ಊರೇ ಚಿಕ್ಕದು. ‘ಗಿಬ್ಸನ್’ ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳ ನೂರಾರು ಊರುಗಳಲ್ಲಿ ಬೇರೆಬೇರೆಯಾಗಿ ಹುಟ್ಟಿತು, ಎಲ್ಲಿ ಗಿಬ್ ಇದ್ದನೋ ಅಲ್ಲಿ. ‘ಕಬ್ಬನ್’ ಎಂಬ ರೂಪ ಹುಟ್ಟಲು ಗಿಬ್ಬನ್ ಒಬ್ಬನಿದ್ದರೆ ಸಾಲದು, ಆ ಸಂಧಿ ಮಾಡುವ ನಾಲಿಗೆಯೂ ಬೇಕು. ಆ ನಾಲಿಗೆ ಇದ್ದದ್ದು ಒಂದು ದ್ವೀಪದಲ್ಲಿ. ಮೇಲಾಗಿ ಇಂಗ್ಲಿಷ್ ಗುಮಾಸ್ತರು ಕೇಳಿದಂತೆ ಬರೆದುಕೊಂಡದ್ದರಿಂದ ಇದ್ದ ಸ್ವಲ್ಪವೂ ಕಬ್ಬನ್, ಕಬ್ಬಿನ್ ಎಂದು ಹೋಳಾಯಿತು.

ಎರಡನೆಯ ಕಾರಣ ಗಣಿತದ್ದು. ವಿಕ್ಟೋರಿಯಾ ಕಾಲದಲ್ಲಿ ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿಗೆ ಒಂದು ಚಿಂತೆ ಹತ್ತಿತು, ದೊಡ್ಡ ಮನೆತನಗಳ ಹೆಸರುಗಳು ಒಂದೊಂದಾಗಿ ಏಕೆ ಅಳಿಯುತ್ತಿವೆ ಎಂದು. 1873ರಲ್ಲಿ ಅದನ್ನು ಲೆಕ್ಕದ ಸವಾಲಾಗಿ ಪತ್ರಿಕೆಯೊಂದರಲ್ಲಿ ಹಾಕಿದ. ಪಾದ್ರಿಯೂ ಗಣಿತಜ್ಞನೂ ಆಗಿದ್ದ ಹೆನ್ರಿ ವಿಲಿಯಂ ವಾಟ್ಸನ್ ಉತ್ತರ ಹುಡುಕಿಕೊಟ್ಟ. ನೀವೂ ಮಾಡಿ ನೋಡಬಹುದು. ಒಬ್ಬೊಬ್ಬ ಗಂಡಸಿಗೂ ಎರಡು ನಾಣ್ಯ ಚಿಮ್ಮಿ. ಎಷ್ಟು ಹೆಡ್ ಬಿತ್ತೋ ಅವನಿಗೆ ಅಷ್ಟು ಗಂಡುಮಕ್ಕಳು. ಸರಾಸರಿ ಒಬ್ಬ ಮಗ, ಅಂದರೆ ಒಟ್ಟು ಜನ ಹೆಚ್ಚುವುದೂ ಇಲ್ಲ, ಕಮ್ಮಿಯಾಗುವುದೂ ಇಲ್ಲ. ಒಬ್ಬೊಬ್ಬನಿಂದಲೇ ಶುರುವಾದ ನೂರು ಅಡ್ಡಹೆಸರುಗಳಿದ್ದರೆ ಮೊದಲ ತಲೆಮಾರಿಗೇ ಸುಮಾರು 25 ಹೋಗುತ್ತವೆ. ಎರಡನೆಯದರ ಹೊತ್ತಿಗೆ ಒಟ್ಟು 39, ಐದನೆಯದರ ಹೊತ್ತಿಗೆ ಒಟ್ಟು 60. ಬರಗಾಲ, ಪ್ಲೇಗು ಯಾವುದೂ ಬೇಕಿಲ್ಲ, ಬರೀ ಹೆಣ್ಣುಮಕ್ಕಳಾದರೂ ಹೆಸರು ನಿಂತುಹೋಯಿತು. ಎಲ್ಲ ಹೆಸರುಗಳೂ ಕೊನೆಗೆ ಅಳಿಯಲೇಬೇಕು ಎಂದು ವಾಟ್ಸನ್ ತೀರ್ಮಾನಿಸಿದ್ದು ಮಾತ್ರ ತಪ್ಪು. ಸರಾಸರಿ ಗಂಡುಮಕ್ಕಳು ಒಂದಕ್ಕಿಂತ ಹೆಚ್ಚಿದ್ದರೆ ಉಳಿಯುವ ಅವಕಾಶ ಇದ್ದೇ ಇದೆ. ಹತ್ತು ಕಡೆ ಹುಟ್ಟಿದ ಹೆಸರು ಒಂಬತ್ತು ಕಡೆ ಸತ್ತರೂ ಬದುಕುತ್ತದೆ, ಒಂದೇ ಕಡೆ ಹುಟ್ಟಿದ್ದಕ್ಕೆ ಆ ಭದ್ರತೆ ಇಲ್ಲ.

ದ್ವೀಪದಲ್ಲಿ ಮಾತ್ರ ಕಬ್ಬನ್ ಯಾರಿಗೂ ಹೊಸದೆನಿಸದ ಹೆಸರು. 1932ರಲ್ಲಿ ಅಲ್ಲಿನ ಮ್ಯಾಂಕ್ಸ್ ಮ್ಯೂಸಿಯಂನ ಮೊದಲ ನಿರ್ದೇಶಕ ಪಿ. ಎಂ. ಸಿ. ಕರ್ಮೋಡ್ ತೀರಿಕೊಂಡಾಗ ಆ ಕುರ್ಚಿಗೆ ಬಂದವರು ವಿಲಿಯಂ ಕಬ್ಬನ್. ದ್ವೀಪದ ಬಗ್ಗೆ ಅಚ್ಚಾದ ಪುಸ್ತಕಗಳನ್ನೆಲ್ಲ ಎರಡು ಸಂಪುಟಗಳ ಸೂಚಿಯಲ್ಲಿ ಕೂಡಿಟ್ಟವರು. ದ್ವೀಪದಾಚೆ ಈ ಬಗೆಯ ಹೆಸರುಗಳು ಹೆಚ್ಚು ಸಿಗುವುದು ಲಿವರ್‌ಪೂಲ್ ಸುತ್ತ, ಏಕೆಂದರೆ ದ್ವೀಪದ ದೋಣಿ ಹೊರಡುತ್ತಿದ್ದದ್ದೇ ಆ ಬಂದರಿಗೆ. ದೊಡ್ಡ ಕಟ್ಟಡ ಕಂಪನಿಯಾಗಿ ಬೆಳೆದ ಕಾಸ್ಟೇನ್ 1865ರಲ್ಲಿ ಶುರುವಾದದ್ದು ಅಲ್ಲಿಯೇ. ಅಮೆರಿಕದ ಓಹಾಯೊ ರಾಜ್ಯಕ್ಕೂ 1820ರ ದಶಕದಿಂದ ಗುಂಪುಗುಂಪಾಗಿ ಹೋದರು.

ನಮ್ಮ ಕಬ್ಬನ್ ಬಂದದ್ದು ಬೇರೆ ದಾರಿಯಲ್ಲಿ. ದ್ವೀಪದ ಈಶಾನ್ಯ ಮೂಲೆಯ ಮಾಹೊಲ್ಡ್ ಎಂಬ ಪ್ಯಾರಿಷ್‌ನ ಪಾದ್ರಿಯ ಮಗ ಆತ. ಸೋದರಮಾವ ಮಾರ್ಕ್ ವಿಲ್ಕ್ಸ್ ಆಗಲೇ ಮದರಾಸಿನ ಸೈನ್ಯದಲ್ಲಿದ್ದರು, ಮುಂದೆ ಮೈಸೂರಿನ ರೆಸಿಡೆಂಟ್, ಅಂದರೆ ಅರಮನೆಯಲ್ಲಿ ಬ್ರಿಟಿಷರ ಪ್ರತಿನಿಧಿ ಆದರು, ದಕ್ಷಿಣ ಭಾರತದ ಚರಿತ್ರೆಯನ್ನೂ ಬರೆದರು. ಮಾವನ ಹೆಸರಿನ ಕೊನೆಗೆ ಇಂಗ್ಲಿಷ್ ಕ್ರಮದ ‘ಸ್’ ಇದೆ, ವಿಲ್ಯಮ್‌ನ ಕಿರುರೂಪ ವಿಲ್ಕ್, ಅವನ ಮಗ ವಿಲ್ಕ್ಸ್. ಅಳಿಯನ ಹೆಸರಿನ ಮೊದಲಿಗೆ ಗೇಲಿಕ್ ‘ಕ್’. ಒಂದೇ ಸಂಬಂಧದಲ್ಲಿ ಎರಡು ವ್ಯಾಕರಣ. ಅಳಿಯ ಮದರಾಸಿಗೆ ಬಂದದ್ದು 1800ರಲ್ಲಿ, ಮೈಸೂರಿನ ಕಮಿಷನರ್ ಆಗಿದ್ದದ್ದು 1834ರಿಂದ 1861ರವರೆಗೆ. ಊರಿಗೆ ಹೊರಟವರು ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು. ಮಣ್ಣು ಮಾಡಿದ್ದು ಮಾಹೊಲ್ಡ್‌ನಲ್ಲೇ.

ಪಾರ್ಕು ಅವರ ಕಾಲದ್ದಲ್ಲ. 1870ರಲ್ಲಿ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಅದನ್ನು ರೂಪಿಸಿದಾಗ ಇಟ್ಟ ಹೆಸರು ಮೀಡ್ಸ್ ಪಾರ್ಕ್, ಆಗಿನ ಹಂಗಾಮಿ ಕಮಿಷನರ್ ಮೀಡ್ ಹೆಸರಿನಲ್ಲಿ. ಮೀಡ್ ಪಾಪ, ಈಗ ಕ್ವಿಜ್‌ನಲ್ಲಿ ಬಿಟ್ಟರೆ ಎಲ್ಲೂ ಇಲ್ಲ. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಅದು ಶ್ರೀ ಚಾಮರಾಜೇಂದ್ರ ಉದ್ಯಾನವಾಯಿತು, ಕಡತಗಳಲ್ಲಿ ಇಂದಿಗೂ ಹಾಗೇ ಇದೆ. 2020ರಲ್ಲಿ ಹೈಕೋರ್ಟ್ ಮುಂದಿದ್ದ ಕಬ್ಬನ್‌ನ ಕುದುರೆ ಸವಾರಿಯ ಪ್ರತಿಮೆಯನ್ನು ಉದ್ಯಾನದ ಒಳಗೆ ಸಾಗಿಸಿದರು. ಇಷ್ಟಾಗಿಯೂ ಗಿಬ್ಬನ್‌ನ ಮಗ ರಸ್ತೆಯ ಹೆಸರಿನಲ್ಲಿದ್ದಾನೆ, ಪೇಟೆಯ ಹೆಸರಿನಲ್ಲಿದ್ದಾನೆ, 2016ರಿಂದ ಮೆಟ್ರೊ ನಿಲ್ದಾಣದ ಹೆಸರಿನಲ್ಲೂ ಇದ್ದಾನೆ. ತವರಿನ ದ್ವೀಪದಲ್ಲಿ ಇಡೀ ವರ್ಷ ಈ ಹೆಸರನ್ನು ಎಷ್ಟು ಸಲ ಕರೆಯುತ್ತಾರೋ, ನಮ್ಮಲ್ಲಿ ಭಾನುವಾರದ ಒಂದು ಬೆಳಗ್ಗೆಯೇ ಅಷ್ಟು ಸಲ ಕರೆಯುತ್ತೇವೆಂದು ನನ್ನ ಅಂದಾಜು. ಕಳೆದ ವಾರ ಆಟೊದವನಿಗೆ ಬೇಕೆಂದೇ “ಚಾಮರಾಜೇಂದ್ರ ಉದ್ಯಾನಕ್ಕೆ ಹೋಗಬೇಕು” ಅಂದೆ. ಒಂದು ಕ್ಷಣ ಮುಖ ನೋಡಿದ. ನಾನೇ ಸೋತು ಕಬ್ಬನ್ ಪಾರ್ಕ್ ಅಂದೆ.

“ಹಂಗ್ ಹೇಳಿ ಸಾರ್. ಯಾವ ಗೇಟು?”