ಸೆನ್ಸರ್ ಬೇರೆ, ಸೆನ್ಸಾರ್ ಬೇರೆ, ಟಿಡಿಎಸ್ ಪೆನ್ನು ಇನ್ನೂ ಬೇರೆ

ಮುಂಡರಗಿ ಕಡೆಯ ಒಂದು ಊರು. ಕುಡಿಯುವ ನೀರಿನ ಘಟಕದ ಗೋಡೆ ಮೇಲೆ ದಪ್ಪಕ್ಷರದಲ್ಲಿ 'ಫ್ಲೋರೈಡ್ ಸೆನ್ಸಾರ್ ಇದೆ' ಅಂತ ಬರೆದಿದ್ದರು. ಒಳಗೆ ಹೋಗಿ ನೋಡಿದರೆ ಇದ್ದದ್ದು ಒಂದು ಟಿಡಿಎಸ್ ಪೆನ್ನು, ಅಂದರೆ ನೀರಿನಲ್ಲಿ ಕರಗಿದ ಲವಣ ಒಟ್ಟು ಎಷ್ಟು ಅಂತ ತೋರಿಸುವ, ಪೆನ್ನಿನ ಆಕಾರದ ಉಪಕರಣ. ಇಂಥ ಬರಹ ನಾನು ನೋಡಿದ್ದು ಇದೇ ಮೊದಲಲ್ಲ. ಮೂರೇ ಪದ, ಅದರಲ್ಲಿ ಎರಡು ತಪ್ಪು.

ಮೊದಲು ಕಾಗುಣಿತ. ಸೆನ್ಸಾರ್ ಅಂದರೆ ಸಿನಿಮಾಕ್ಕೆ ಕತ್ತರಿ ಹಾಕುವವರು. ಆ ಪದದ ಬೇರು ಲ್ಯಾಟಿನ್ನಿನ 'ಸೆನ್ಸೆರೆ': ಅಳೆದು ಬೆಲೆ ಕಟ್ಟು. ಹಳೇ ರೋಮ್‌ನಲ್ಲಿ ಜನರನ್ನು, ಅವರ ಆಸ್ತಿಯನ್ನು ಲೆಕ್ಕಕ್ಕೆ ಹಿಡಿಯುವ ಅಧಿಕಾರಿಗೆ ಸೆನ್ಸಾರ್ ಅನ್ನುತ್ತಿದ್ದರು. ಜನರ ನಡತೆ ಮೇಲೂ ಅವನು ಕಣ್ಣಿಡುತ್ತಿದ್ದ. ನಮ್ಮ ಸೆನ್ಸಸ್ ಬಂದದ್ದೂ ಅಲ್ಲಿಂದಲೇ. ಗೋಡೆ ಮೇಲೆ ಬರೆಯಬೇಕಿದ್ದದ್ದು ಸೆನ್ಸರ್. ಅದರ ಬೇರು ಲ್ಯಾಟಿನ್ನಿನದೇ 'ಸೆಂಟೀರೆ': ಅರಿವಿಗೆ ಬರು. ಕನ್ನಡದಲ್ಲಿ ಇದಕ್ಕೆ ಸಂವೇದಕ ಎಂಬ ಪದವಿದೆ. ಅದರೊಳಗಿರುವ 'ವಿದ್' ಅಂದರೆ ತಿಳಿ. ವೇದ, ವಿದ್ಯೆ, ವೇದನೆ ಎಲ್ಲ ಅದರ ಒಡಹುಟ್ಟುಗಳೇ. ವೇದನೆ ಅಂದರೆ ನಮಗೆ ಈಗ ಬರೀ ನೋವು. ಮೂಲದಲ್ಲಿ ಅದು ತಾಗಿದ್ದು ಗೊತ್ತಾಗುವುದು, ಅಷ್ಟೇ. ನನಗೆ ಈ ಪದ ಇಷ್ಟವಾಗುವುದು ಇದಕ್ಕೇ. ಸಂವೇದಕಕ್ಕೂ ಏನೋ ಒಂದು ತಾಗಬೇಕು, ತಾಗಿದ್ದನ್ನು ಅದು ಅಂಕಿಯಾಗಿ ಹೇಳಬೇಕು. ಹಾಗಾದರೆ ಕೇಳಬೇಕಾದ್ದು ಒಂದೇ ಅಲ್ವಾ? ಇದಕ್ಕೆ ಏನು ತಾಗುತ್ತದೆ?

ಟಿಡಿಎಸ್ ಪೆನ್ನಿಗೆ ತಾಗುವುದು ನೀರಿನಲ್ಲಿ ಹರಿಯುವ ಕರೆಂಟು. ಅದನ್ನು ಒಂದು ಅಂದಾಜಿನಿಂದ ಗುಣಿಸಿ, ಕರಗಿದ ಲವಣ ಇಷ್ಟು ಅನ್ನುತ್ತದೆ. ಯಾವ ಲವಣ ಅಂತ ಹೇಳಲಾರದು. ಸವಳು ನೀರು ಹೌದೋ ಅಲ್ಲವೋ ನೋಡಲು ಅದು ಸಾಕು. ಫ್ಲೋರೈಡ್ ವಿಷಯಕ್ಕೆ ಸಾಲದು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎನ್ನುವುದು ಭಾರತೀಯ ಮಾನಕ. ಈಗ ಪೆನ್ನಿನಲ್ಲಿ 400 ತೋರಿಸುವ ನೀರಿಗೆ ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಸೇರಿತು ಅನ್ನಿ. ಪೆನ್ನಿನ ಅಂಕಿ ಹತ್ತು ಏರಿದರೆ ಹೆಚ್ಚು. ಮಕ್ಕಳ ಹಲ್ಲು ಕಂದಾಗಿಸಲು ಅಷ್ಟು ಫ್ಲೋರೈಡ್ ಸಾಕು, ಪೆನ್ನಿನಲ್ಲಿ ಮಾತ್ರ ಅದು ಲೆಕ್ಕಕ್ಕೇ ಬರುವುದಿಲ್ಲ. ಹೊಲದಿಂದ ಹರಿದು ಬಂದ ಕೀಟನಾಶಕವಾಗಲಿ, ರೋಗಾಣುವಾಗಲಿ ಈ ಪೆನ್ನಿಗೆ ಕಾಣುವುದೇ ಇಲ್ಲ. '150 ಬಂತು, ನೀರು ಶುದ್ಧ' ಅಂತ ಸುಮ್ನೆ ಹೇಳಿ ಕೊಡ ತುಂಬಿಸಿ ಕಳಿಸುವುದನ್ನು ನೋಡಿದರೆ ಸಂಕಟವಾಗುತ್ತದೆ.

ನಿಜವಾದ ಫ್ಲೋರೈಡ್ ಸೆನ್ಸರ್ ಇದೆ, ಕೈಯಲ್ಲಿ ಹಿಡಿದು ಓಡಾಡುವಂಥದ್ದೇ. 1966ರಿಂದ ಬಳಕೆಗೆ ಬಂದ ಉಪಾಯ ಅದು. ತುದಿಯಲ್ಲಿ ಲ್ಯಾಂಥನಮ್ ಫ್ಲೋರೈಡ್‌ನ ಚಿಕ್ಕ ಹರಳು. ಆ ಹರಳಿನೊಳಗೆ ಜಾಗದಿಂದ ಜಾಗಕ್ಕೆ ಜಿಗಿಯಬಲ್ಲದ್ದು ಫ್ಲೋರೈಡ್ ಅಯಾನು, ಅಂದರೆ ವಿದ್ಯುದಂಶ ಹೊತ್ತ ಫ್ಲೋರೈಡ್ ಕಣ, ಮಾತ್ರ. ನೀರಿನಲ್ಲಿ ಅದರ ಪ್ರಮಾಣ ಹತ್ತು ಪಟ್ಟು ಬದಲಾದರೆ ವೋಲ್ಟೇಜು ಸುಮಾರು 59 ಮಿಲಿವೋಲ್ಟ್ ಬದಲಾಗುತ್ತದೆ. ಆದರೆ ಅದ್ದಿದ ಕೂಡಲೇ ನಂಬುವಂತಿಲ್ಲ. ಫ್ಲೋರೈಡ್ ಎಷ್ಟಿದೆ ಅಂತ ಮೊದಲೇ ಗೊತ್ತಿರುವ ಎರಡು ದ್ರಾವಣದಲ್ಲಿ ಸರಿಹೊಂದಿಸಬೇಕು. ಅಲ್ಯುಮಿನಿಯಂ, ಕಬ್ಬಿಣ ಹಿಡಿದಿಟ್ಟುಕೊಂಡ ಫ್ಲೋರೈಡನ್ನು ಬಿಡಿಸಲು ನೀರಿಗೆ ಬಫರ್ ಎಂಬ ಹದಗೊಳಿಸುವ ದ್ರಾವಣ ಬೆರೆಸಬೇಕು.

ಹನಿ ಹಾಕಿ ಬಣ್ಣ ನೋಡುವ ಕಿಟ್ಟಿಗೂ ಕೆಲವರು ಸೆನ್ಸರ್ ಅನ್ನುತ್ತಾರೆ. ಅದು ಕಿಟ್ಟೇ, ಅಲ್ಲಿ ಬಣ್ಣ ಗುರುತಿಸುವುದು ನಮ್ಮ ಕಣ್ಣು. ಆದರೂ ಗುಲಾಬಿಯಿಂದ ಹಳದಿಗೆ ತಿರುಗಿದಾಗ ಅದು ಹೇಳುವುದು ಫ್ಲೋರೈಡ್ ಬಗ್ಗೆಯೇ. ಗೋಡೆ ಮೇಲೆ ಬರೆಯುವುದಾದರೆ ಆ ಕಿಟ್ಟಿನ ಹೆಸರನ್ನೇ ಬರೆಯಲಿ.